ಹುಬ್ಬಿನಲ್ಲೂ ಹೊಟ್ಟು ಉದುರುತ್ತಿದೆಯೇ?



ಕೆಲವು ತಿಂಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದು ಮೆಲುದನಿಯಲ್ಲಿ ಕೇಳಿದರು: "ಟೀಚರ್, ನನ್ನ ಮೂಗಿನ ಪಕ್ಕ ಬಿಳಿಚಿದೆ ನೋಡಿ. ಎಲ್ಲರೂ ತೊನ್ನು ಎನ್ನುತ್ತಿದ್ದಾರೆ. ಹಿರಿಯ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಏನು ಮಾಡಲಿ?"

ಚರ್ಮರೋಗ ತಜ್ಞರು ಪರೀಕ್ಷಿಸಿ, ಅದು ತೊನ್ನಲ್ಲ, 'ಸೆಬೊರಿಕ್ ಡರ್ಮಟೈಟಿಸ್' ಎಂದರು. ನಮಗೆಲ್ಲ ಗೊತ್ತಿರುವ ತಲೆಹೊಟ್ಟು ಇದರದ್ದೇ ಸೌಮ್ಯ ರೂಪ.

ಇದನ್ನು ಗುರುತಿಸುವುದು ಹೇಗೆ? ಮೊದಲು ಜಾಗ ನೋಡಿ. ಚರ್ಮದಲ್ಲಿ ಎಣ್ಣೆಯಂಶ ಹೆಚ್ಚಿರುವ ನೆತ್ತಿ, ಹುಬ್ಬು, ಮೂಗಿನ ಇಕ್ಕೆಲ, ಕಿವಿಯ ಹಿಂಭಾಗ, ಎದೆಯ ನಡುಭಾಗಗಳಲ್ಲಿ ಇದು ಕಾಣಿಸುತ್ತದೆ. ಗಂಡಸರಲ್ಲಿ ಗಡ್ಡದ ಬುಡದಲ್ಲೂ ಬರುತ್ತದೆ. ಜಿಡ್ಡುಜಿಡ್ಡಾದ, ತುಸು ಹಳದಿ ಹೊಟ್ಟು ಏಳುತ್ತದೆ, ತುರಿಕೆಯಿರುತ್ತದೆ. ಬಿಳಿ ಮೈಬಣ್ಣದವರಲ್ಲಿ ಆ ಜಾಗ ಕೆಂಪಾದರೆ, ಕಂದು ಮೈಬಣ್ಣದವರಲ್ಲಿ ಹಲವೊಮ್ಮೆ ಬಿಳಿಚಿಕೊಳ್ಳುತ್ತದೆ. ಗಾಬರಿ ಹುಟ್ಟುವುದು ಇಲ್ಲೇ.

ತೊನ್ನಿನ ಕಲೆ ಹಾಲಿನಂತೆ ಬಿಳಿ, ಚರ್ಮ ನುಣುಪು, ಹೊಟ್ಟು ಇರುವುದಿಲ್ಲ. ಸೋರಿಯಾಸಿಸ್‌ನಲ್ಲಿ ಹೊಟ್ಟು ದಪ್ಪ, ಒಣ, ಬೆಳ್ಳಿಬಣ್ಣ. ಮೊಣಕೈ, ಮೊಣಕಾಲುಗಳಲ್ಲೂ ಕಾಣಬಹುದು. ಹುಳುಕಡ್ಡಿ ಉಂಗುರದಂತೆ ಹರಡುತ್ತದೆ.

ಎಲ್ಲರ ಚರ್ಮದ ಮೇಲೂ ಇರುವ 'ಮಲಸೀಸಿಯಾ' ಎಂಬ ಸೂಕ್ಷ್ಮ ಶಿಲೀಂಧ್ರಕ್ಕೆ ಕೆಲವರ ಚರ್ಮ ಹೀಗೆ ಪ್ರತಿಕ್ರಿಯಿಸುತ್ತದೆ. ಇದು ಕೊಳಕಿನಿಂದ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ನಿದ್ದೆಗೆಟ್ಟಾಗ, ಮನಸ್ಸಿಗೆ ಒತ್ತಡವಾದಾಗ, ಚಳಿಗಾಲದಲ್ಲಿ ಹೆಚ್ಚುತ್ತದೆ.

ಹೊಟ್ಟು ಹೋಗಲೆಂದು ರಾತ್ರಿಯಿಡೀ ತಲೆಗೆ ತೆಂಗಿನೆಣ್ಣೆ ಹಾಕಿಡಬೇಡಿ. ಈ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಸಾಮಾನ್ಯವಾಗಿ 2% ಕಿಟೊಕೊನಝೋಲ್ ಶಾಂಪೂವನ್ನು ವಾರಕ್ಕೆ 2 ಬಾರಿ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಲು ವೈದ್ಯರು ಹೇಳುತ್ತಾರೆ. 4 ವಾರಗಳಲ್ಲಿ ಕಡಿಮೆಯಾಗದಿದ್ದರೆ ಅಥವಾ ಒಮ್ಮೆಲೇ ತೀವ್ರವಾದರೆ ಚರ್ಮ ವೈದ್ಯರಿಗೆ ತೋರಿಸಿ. ಗರ್ಭಿಣಿಯರು ಮೊದಲೇ ಕೇಳಿಕೊಳ್ಳಿ.

ಮೆಡಿಕಲ್‌ನವರು ಕೊಡುವ ಸ್ಟೆರಾಯ್ಡ್ ಬೆರೆತ ಕ್ರೀಮನ್ನು ಮಾತ್ರ ಮುಖಕ್ಕೆ ಸ್ವಂತವಾಗಿ ಹಚ್ಚಬೇಡಿ. ಎರಡೇ ದಿನದಲ್ಲಿ ವಾಸಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ, ಮೊಡವೆ ಎದ್ದು, ಮುಖದಲ್ಲಿ ಕೂದಲೂ ಬೆಳೆಯಬಹುದು.

ಇದು ಮತ್ತೆ ಮತ್ತೆ ಮರುಕಳಿಸುವ ತೊಂದರೆ, ಆದರೆ ಹತೋಟಿಯಲ್ಲಿಡಬಹುದು. ಆ ತಾಯಿಯ ಮುಖದ ಬಿಳಿಚು ನಿಧಾನವಾಗಿ ಮಾಸಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಜನರ ಪಿಸುಮಾತಿಗೆ ಹೆದರಿ ಅವರು ಕಳೆದ ನಿದ್ದೆಯಿಲ್ಲದ ರಾತ್ರಿಗಳನ್ನು ಹಿಂತಿರುಗಿಸುವವರು ಯಾರು?

ಕಾಯಿಲೆಗೆ ಚಿಕಿತ್ಸೆ ಪಡೆಯಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಾಲಗೆಯನ್ನು ಕಾಯಲೂ ಕಲಿಸಿದ್ದಾರೆ. ಇನ್ನೊಬ್ಬರ ಮುಖದ ಕಲೆಗೆ ಹೆಸರಿಡುವ ಮುನ್ನ ಎರಡನೆಯ ಪಾಠವನ್ನು ನೆನೆಯೋಣ.