ಲಾರಿಗೊಂದು ಮರ್ಯಾದೆ ಬೇಡವೇ?

ಹಳೆಯ ಮೋಟಾರುಗಳ ಮೇಲೆ ಅಭಿಮಾನವುಳ್ಳವರು ನಮ್ಮ ನಾಡಿನಲ್ಲಿ ಕಡಿಮೆಯೇನಿಲ್ಲ. ಧರ್ಮಸ್ಥಳದ ಕಾರುಗಳ ಸಂಗ್ರಹವನ್ನು ಕಂಡು ಬೆರಗಾಗದವರಾರು? ಆದರೆ ಅರಸರೂ ಸಿರಿವಂತರೂ ಕುಳಿತು ಮೆರೆದ ಕಾರಿಗೆ ಸಿಕ್ಕ ಗೌರವ, ನಮ್ಮ ಹತ್ತಿಯನ್ನು ಹೊತ್ತು ಪೇಟೆಗೆ ಮುಟ್ಟಿಸಿದ ಲಾರಿಗೆ ಸಿಕ್ಕಿದೆಯೇ? ಇಲ್ಲವೆಂಬುದೇ ನನ್ನ ಕೊರಗು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ – ಈ ನಾಲ್ಕೂ ಊರುಗಳಿಗೆ ಇಂದಿಗೂ ರೈಲು ಬಂದಿಲ್ಲ. ಚಕ್ಕಡಿಯ ತರುವಾಯ ನಮಗೆ ಲಾರಿಯೇ ಗತಿಯಾಯಿತು. ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1948ನೆಯ ಜೂನ್ 1ರಂದು, ಆ ಸರಕಾರದ ಮೊದಲ ಬಸ್ಸು ಪುಣೆಯಿಂದ ಅಹಮದನಗರಕ್ಕೆ ಓಡಿತು. ಅದು ಬೆಡ್‌ಫರ್ಡ್ ಗಾಡಿ. ಅದೇ ವರ್ಷ ಮದ್ರಾಸಿನಲ್ಲಿ ಹುಟ್ಟಿದ ಅಶೋಕ ಮೋಟರ್ಸ್, ಇಂಗ್ಲಂಡಿನ ಲೇಲ್ಯಾಂಡ್ ಕಂಪನಿಯ ಕೂಡ ಒಪ್ಪಂದ ಮಾಡಿಕೊಂಡು, 1955ರಲ್ಲಿ ಅಶೋಕ ಲೇಲ್ಯಾಂಡ್ ಎನಿಸಿತು. ಅದರ ಲಾರಿಯ ಹೆಸರು 'ಕಾಮೆಟ್', ಎಂದರೆ ಧೂಮಕೇತು. ಹೆಸರಿಗೆ ತಕ್ಕಂತೆ ಧೂಮಕ್ಕೇನೂ ಬರವಿರಲಿಲ್ಲವೆಂದು ನಮ್ಮ ಅಜ್ಜ ನಗುತ್ತಿದ್ದರು.

ಅಜ್ಜ ಬೆಡ್‌ಫರ್ಡ್ ಲಾರಿಯ ಕ್ಲೀನರಾಗಿ ಸೇರಿ, ಡ್ರಾಯವ್ಹರರಾಗಿ, ಕಡೆಗೆ ಸಾಲ ಮಾಡಿ ಅದೇ ಗಾಡಿಯ ಒಡೆಯರಾದವರು. ಚಳಿಗಾಲದ ಬೆಳಗಿನಲ್ಲಿ ಹ್ಯಾಂಡಲ್ ಹೊಡೆದು ಎಬ್ಬಿಸುವದು, ಬೈಲಹೊಂಗಲದಲ್ಲಿ ಹತ್ತಿಯ ಅಂಡಿಗೆ ಹೇರಿ ಹುಬ್ಬಳ್ಳಿಗೆ ಹೊರಡುವದು, ಹುಣ್ಣಿವೆ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ಭಕ್ತರನ್ನು ಮುಟ್ಟಿಸುವದು, ಇದೇ ಅವರ ಬಾಳು. ಪೆಟ್ರೋಲು ತುಟ್ಟಿಯಾದಾಗ ಪರ್ಕಿನ್ಸ್ ಡೀಜೆಲ್ ಯಂತ್ರ ಕೂಡಿಸಿದರು. ಕಟ್ಟಿಗೆಯ ಮೈಯನ್ನು ಊರ ಬಡಿಗನೇ ಕಟ್ಟಿದ. ಅಜ್ಜ ಹಾಸಿಗೆ ಹಿಡಿದಾಗ, ನಾವು ಆ ಗಾಡಿಯನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಸ್ಟೇರಿಂಗ್ ಚಕ್ರವೊಂದು ಮಾತ್ರ ಮನೆಯಲ್ಲಿ ಉಳಿದಿದೆ. ಬೇರೆಯವರನ್ನು ದೂರುವ ಮೊದಲು ಈ ತಪ್ಪನ್ನು ಒಪ್ಪಿಕೊಳ್ಳುವದು ನನ್ನ ಧರ್ಮ.

ಇಂಗ್ಲಂಡಿನವರು ಹೀಗೆ ಮಾಡಲಿಲ್ಲ. ದುಡಿದು ದಣಿದ ಲಾರಿಗಳನ್ನು ತುಕ್ಕಿನಿಂದ ಬಿಡಿಸಿ, ಬಣ್ಣ ಬಳಿದು, ಲಂಡನ್ನಿನಿಂದ ಬ್ರೈಟನ್ನಿನವರೆಗೆ ಓಡಿಸುವ ಯಾತ್ರೆಯನ್ನು ಅವರು 1962ರಲ್ಲಿಯೇ ಆರಂಭಿಸಿದರು. ಲೇಲ್ಯಾಂಡ್ ಊರಿನಲ್ಲಿ 1983ರಲ್ಲಿ ಇಂಥ ಗಾಡಿಗಳಿಗಾಗಿ ವಸ್ತುಸಂಗ್ರಹಾಲಯವನ್ನೇ ತೆರೆದರು.

ನಮ್ಮಲ್ಲಿಯೂ 2021ರಲ್ಲಿ ಕೇಂದ್ರ ಸರಕಾರ ಹಳೆಯ ಮೋಟಾರುಗಳಿಗೆ ನಿಯಮ ಮಾಡಿತು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನಂಬರು. ಸಂತೋಷ. ಆದರೆ ಆ ನಿಯಮ ಸ್ವಂತ ಉಪಯೋಗದ ದ್ವಿಚಕ್ರಿಗಳಿಗೆ, ಕಾರುಗಳಿಗೆ ಮಾತ್ರ. ಸರಕು ಹೊತ್ತ ಲಾರಿಗೆ ಅಲ್ಲಿ ಎಡೆಯಿಲ್ಲ. ಎಡೆ ಕೊಟ್ಟರೂ ಮೂಲರೂಪದ ಪ್ರಶ್ನೆ ಬರುವದು. ಬಡಿಗ ಕಟ್ಟಿದ ಮೈ, ಬದಲಾದ ಯಂತ್ರ, ಇವು ನಮ್ಮ ಲಾರಿಯ ದೋಷಗಳಲ್ಲ. ಇವೇ ಅದರ ಚರಿತ್ರೆ. ಬಡತನದಲ್ಲಿ ಬದುಕಿದ ಗಾಡಿಯನ್ನು ಸಿರಿವಂತರ ಅಳತೆಗೋಲಿನಿಂದ ಅಳೆಯಬಾರದು.

ಕೆಲವರು ಕೇಳಬಹುದು: 1824ರಲ್ಲಿ ಥ್ಯಾಕರೆಯನ್ನು ಕೆಡವಿದ ಕಿತ್ತೂರಿನ ನೆಲದಲ್ಲಿ, ರಾಣಿ ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲದಲ್ಲಿ, ಬ್ರಿಟಿಷರ ಗಾಡಿಗೆ ಪೂಜೆಯೇ? ಪೂಜೆ ಬೇಡ, ನೆನಪು ಸಾಕು. ಕಬ್ಬಿಣ ಅವರದಾದರೂ ಬೆವರು ನಮ್ಮದು. ಸ್ವತಂತ್ರ ದೇಶದ ರಸ್ತೆಯಲ್ಲಿ ನಮ್ಮ ಕಾಳುಕಡಿ ಹೊತ್ತು ಅದು ತನ್ನ ಋಣ ತೀರಿಸಿದೆ. ಹೊಗೆಯ ಮಾತೂ ನಿಜವೇ. ಅದು ದಿನಾಲು ಬಾಡಿಗೆಗೆ ಓಡಬೇಕೆಂದು ನಾನು ಹೇಳುವದಿಲ್ಲ. ವರ್ಷಕ್ಕೊಮ್ಮೆ, ಕಿತ್ತೂರು ಉತ್ಸವದಲ್ಲಿ ನಾಲ್ಕು ಮಾರು ಉರುಳಿದರೂ ಸಾಕು.

ವಿದ್ಯಾರ್ಥಿ ಬಂಧುಗಳೇ, ನಿಯಮ ಬದಲಿಸುವದು ನಮ್ಮ ಕೈಯಲ್ಲಿಲ್ಲ. ಆದರೆ ಕೇಳಿಕೊಳ್ಳುವದು ನಮ್ಮ ಕೈಯಲ್ಲಿದೆ. ಅದಕ್ಕೂ ಮೊದಲು, ಬರುವ ರಜೆಯಲ್ಲಿ ನಿಮ್ಮ ನಿಮ್ಮ ಊರಿನ ಹಿತ್ತಿಲುಗಳನ್ನು ನೋಡಿರಿ. ಕೋಳಿಗೂಡಾಗಿ ನಿಂತ ಲಾರಿಯೊಂದು ಎಲ್ಲಿಯಾದರೂ ಇದ್ದೀತು. ಅದನ್ನು ನಡೆಸಿದ ಮುದುಕರು ಇನ್ನೂ ಇದ್ದರೆ, ಅವರ ಬಾಯಿಂದ ಕೇಳಿ ಬರೆದುಕೊಳ್ಳಿರಿ. ಬಿಡಿಭಾಗ ನಾಳೆಯೂ ಸಿಕ್ಕೀತು. ಆ ಮಾತು ಸಿಗಲಾರದು. ನನ್ನ ಅಜ್ಜನನ್ನು ನಾನು ಕೇಳಬೇಕಾದುದು ಬಹಳವಿತ್ತು. ಈಗ ಆ ಚಕ್ರವನ್ನು ತಿರುಗಿಸಿದರೆ ಯಾವ ಗಾಲಿಯೂ ಹೊರಳುವದಿಲ್ಲ.