ಟೈಲ್ಸ್ ಹಿಂದಿನ ದುಡ್ಡು ಯಾರದು ಸ್ವಾಮಿ?

ನಮ್ಮ ಸಿನಿಮಾಗಳಲ್ಲಿ ಕಳ್ಳದುಡ್ಡು ಎಲ್ಲಿರುತ್ತೆ ಹೇಳಿ? ದೇವರ ಪಟದ ಹಿಂದೆ, ಇಲ್ಲಾ ಬೀರು ತಿರುಗಿಸಿದರೆ ತೆರೆಯೋ ಗುಪ್ತ ಕೋಣೇಲಿ. ವಜ್ರಮುನಿ ಗಹಗಹಿಸಿ ನಗ್ತಾರೆ, ಹೀರೋ ಒದೀತಾನೆ, ನೋಟು ಹಾರುತ್ತೆ, ಪೊಲೀಸ್ ಜೀಪು ಬರುತ್ತೆ. ಶುಭಂ!

ನಿಜವಾದ ಕಥೆ ಶುರುವಾಗೋದೇ ಆಮೇಲೆ ಗುರುವೇ.

2016ರ ಡಿಸೆಂಬರ್ ನೆನಪಿದೆಯಾ? ನೋಟು ರದ್ದಾಗಿ ತಿಂಗಳಾಗಿತ್ತು. ವಾರಕ್ಕೆ 24,000ದ ಮಿತಿ. ನಮ್ಮ ಹರಿಯಬ್ಬೆ ಜನ ತಮ್ಮ ದುಡ್ಡಿಗೆ ತಾವೇ ಸಾಲು ನಿಂತಿದ್ದರು. (ಅಷ್ಟು ಸಿಕ್ಕವನೇ ಪುಣ್ಯವಂತ!) ಅದೇ ಹೊತ್ತಲ್ಲಿ ಪಕ್ಕದ ತಾಲ್ಲೂಕು ಚಳ್ಳಕೆರೆಯಲ್ಲಿ ಆದಾಯ ತೆರಿಗೆಯವರು ಬಾತ್‌ರೂಮಿನ ಟೈಲ್ಸ್ ಹಿಂದಿನ ಗುಪ್ತ ಗೂಡು ತೆರೆದರು. ಸಿಕ್ಕಿದ್ದು 5.7 ಕೋಟಿ ರೂಪಾಯಿ ಹೊಸ ನೋಟು, ಜೊತೆಗೆ 32 ಕೆಜಿ ಚಿನ್ನ! ದಾಳಿ ನಡೆದದ್ದು ಕೆ.ಸಿ. ವೀರೇಂದ್ರ ಅವರ ಮೇಲೆ. 2023ರಲ್ಲಿ ಅವರೇ ಚಿತ್ರದುರ್ಗದ ಶಾಸಕರಾದರು. ನಟ ದೊಡ್ಡಣ್ಣನವರ ಅಳಿಯ. (ಮಾವನನ್ನ ಇದರಲ್ಲಿ ಎಳೀಬೇಡಿ, ಪಾಪ.)

ಆ ಪ್ರಕರಣದ ಮಾತು ಬಿಡಿ. ಸಾಮಾನ್ಯವಾಗಿ ಇಂಥ ಗಂಟು ಸಿಕ್ಕಾಗ ಮೊದಲ ಡೈಲಾಗ್ ಒಂದೇ: 'ಸಾರ್, ಇದು ನನ್ನದಲ್ಲ!' ಸಿನಿಮಾದಲ್ಲಾದರೆ ರುಜುವಾತು ಇನ್ಸ್‌ಪೆಕ್ಟರ್ ತರಬೇಕು. ತೆರಿಗೆ ಕಾನೂನಿನಲ್ಲಿ ಉಲ್ಟಾ. ದಾಳಿಯಲ್ಲಿ ಯಾರ ವಶದಲ್ಲಿ ಸಿಕ್ಕಿತೋ ಅದು ಅವರದೇ ಅಂತ ಭಾವಿಸಬಹುದು ಅನ್ನೋ ಕಲಂ 1975ರಲ್ಲೇ ಸೇರಿತು. 'ಅಲ್ಲ' ಅನ್ನೋನೇ ಅಲ್ಲ ಅಂತ ತೋರಿಸಬೇಕು. ಚುಹರ್‌ಮಲ್ ಅನ್ನೋರ ಬೆಡ್‌ರೂಮಿನಲ್ಲಿ ಫಾರಿನ್ ವಾಚುಗಳ ರಾಶಿ ಸಿಕ್ಕಿತ್ತು, ಥೇಟ್ ಸ್ಮಗ್ಲಿಂಗ್ ಪಿಕ್ಚರ್! 1988ರಲ್ಲಿ ಸುಪ್ರೀಂ ಕೋರ್ಟು ಅದಕ್ಕೂ ಇದೇ ಲೆಕ್ಕ ಹಾಕಿತು. ಮೂಲ ಹೇಳದಿದ್ದರೆ ಅದು ನಿಮ್ಮ ಆದಾಯ. ಚಳ್ಳಕೆರೆ ದಾಳಿ ನಡೆದ ತಿಂಗಳಲ್ಲೇ ಅಂಥ ಆದಾಯದ ಮೇಲಿನ ತೆರಿಗೆಯನ್ನ ನೂರಕ್ಕೆ 60ಕ್ಕೆ ಏರಿಸಿದರು. ಸರ್‌ಚಾರ್ಜು, ಸೆಸ್ಸು ಸೇರಿ 77 ದಾಟಿತು.

ಕೋಟಿ ದುಡ್ಡಿನ ಸಂಗತಿ ನಮಗ್ಯಾಕೆ ಅಂತೀರಾ? ಕೇಳಿ.

ಆಗ ನಾನು ಪಿಯುಸಿ ಬಿಟ್ಟು ಅಲೀತಿದ್ದೆ. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ದೊಡ್ಡವರೊಬ್ಬರು ಹೆಗಲ ಮೇಲೆ ಕೈ ಹಾಕಿದರು. 'ತಮ್ಮಾ, ಹಳೇ ನೋಟು ಎರಡು ಲಕ್ಷ ನಿನ್ನ ಖಾತೆಗೆ ಹಾಕ್ತೀನಿ. ನಿಧಾನಕ್ಕೆ ತೆಗೆದುಕೊಡು. ಹತ್ತು ಸಾವಿರ ನಿಂಗೆ.' ಹತ್ತು ಸಾವಿರ! ನನ್ನ ಕಣ್ಣ ಮುಂದೆ ಹೊಸ ಮೊಬೈಲು ಕುಣೀತು. ಅವ್ವ ಮಾತ್ರ ಪಾಸ್‌ಬುಕ್ ಕೊಡಲಿಲ್ಲ. 'ಅವನ ದುಡ್ಡು ಅವನ ಹೆಸರಲ್ಲೇ ಯಾಕಿಡಲ್ಲ, ಕೇಳ್ಕೊಂಡು ಬಾ' ಅಂದಳು. ಸಿಟ್ಟಿಗೆ ಎರಡು ಹೊತ್ತು ಊಟ ಬಿಟ್ಟೆ. ಆ ನವೆಂಬರ್ 1ರಿಂದಲೇ ಬೇನಾಮಿ ಕಾಯ್ದೆ ಬಿಗಿಯಾಗಿತ್ತು, ದುಡ್ಡು ಕೊಟ್ಟವನಿಗೂ ಹೆಸರು ಕೊಟ್ಟವನಿಗೂ 1ರಿಂದ 7 ವರ್ಷ ಜೈಲು ಅಂತ ಎಷ್ಟೋ ದಿನದ ಮೇಲೆ ಓದಿ ಬೆವೆತೆ.

ಆ ದೊಡ್ಡವರು ಈಗಲೂ ಸಿಕ್ತಾರೆ, ಟೀ ಕುಡಿಸ್ತಾರೆ. ಪಾಸ್‌ಬುಕ್ ಇನ್ನೂ ಅವ್ವನ ಟ್ರಂಕಿನಲ್ಲೇ ಇದೆ.