ಆಟಕ್ಕೆ ಅಂಕ ಬೇಡ

ಮೊನ್ನೆ ಮೊಮ್ಮಗಳು ತನ್ನ ಟ್ಯಾಬ್ ತಂದು ತೋರಿಸಿದಳು. ಶಾಲೆಯವರು ಆಡಿಸುವ ಆಟವೊಂದರಲ್ಲಿ ಅವಳಿಗೆ ‘ಸಹಕಾರ’ಕ್ಕಾಗಿ ಮೂರು ನಕ್ಷತ್ರಗಳು ಬಂದಿದ್ದವು. “ಯಾರೊಡನೆ ಸಹಕರಿಸಿದೆ ಪುಟ್ಟಿ?” ಎಂದೆ. “ಯಾರೂ ಇರಲಿಲ್ಲ ತಾತ, ನಾನೊಬ್ಬಳೇ ಆಡಿದ್ದು” ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಟದ ಮೂಲಕ ಕಲಿಸುವುದಕ್ಕೆ ನಾನು ವಿರೋಧಿಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಆರಂಭವಾದ ಸುದ್ದಿ ಕೇಳಿ ಹುಬ್ಬೇರಿಸಿದ್ದ ಹಳೆಯ ಮೇಷ್ಟರಲ್ಲಿ ನಾನೂ ಒಬ್ಬ. ಅನಂತರ ನನ್ನ ಅಭಿಪ್ರಾಯವನ್ನು ತಿದ್ದಿಕೊಂಡೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆಟದ ಮೂಲಕ ಕಲಿಕೆಯನ್ನು ಎತ್ತಿ ಹಿಡಿದಿದೆ. ನನ್ನ ತಕರಾರು ಇರುವುದು, ‘ಸಾಫ್ಟ್ ಸ್ಕಿಲ್ಸ್’ ಎಂಬ ಹೆಸರಿನಲ್ಲಿ ಸದ್ಗುಣಗಳಿಗೆ ಬಿಲ್ಲೆ ಅಂಟಿಸಿ ಅಂಕ ಕೊಡುವ ಈ ಪದ್ಧತಿಯ ಬಗ್ಗೆ.

ಖೋ ಖೋ ಆಟವನ್ನೇ ನೋಡಿ. ಎಂಟು ಮಂದಿ ಸಾಲಾಗಿ, ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವನು ಅಟ್ಟಿಸಿಕೊಂಡು ಓಡುತ್ತಾನೆ. ಅವನು ನಡುಗೆರೆ ದಾಟುವಂತಿಲ್ಲ, ಹಿಂದಿರುಗುವಂತಿಲ್ಲ. ಕುಳಿತವನು ‘ಖೋ’ ಬೀಳದೆ ಏಳುವಂತಿಲ್ಲ. ಕಾಯುವ ತಾಳ್ಮೆ, ಇನ್ನೊಬ್ಬನಿಗೆ ಬಿಟ್ಟುಕೊಡುವ ವಿವೇಕ ಎರಡೂ ಆಟದ ನಿಯಮದಲ್ಲಿಯೇ ಹೆಣೆದುಕೊಂಡಿವೆ.

ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಎಲ್ಲರನ್ನೂ ತಾನೇ ಮುಟ್ಟಬೇಕೆಂಬ ಹಟ, ಖೋ ಕೊಡುತ್ತಿರಲಿಲ್ಲ. ಒಮ್ಮೆ ಹಾಗೆಯೇ ಸೋತರು. ಮಕ್ಕಳನ್ನು ಹೊಂಗೆಮರದ ಕೆಳಗೆ ಕೂರಿಸಿ, ಏಕೆ ಸೋತಿರಿ ಎಂದು ಕೇಳಿದೆ. ಎಲ್ಲರಿಗಿಂತ ಚಿಕ್ಕವನೊಬ್ಬ ಎದ್ದು, “ಅವನು ನನ್ನ ಬೆನ್ನ ಹಿಂದೆಯೇ ಆರು ಸಲ ಓಡಿದ ಸಾರ್, ಒಂದು ಸಲವೂ ಖೋ ಅನ್ನಲಿಲ್ಲ” ಎಂದ. ಆ ಓಟಗಾರ ತಲೆ ತಗ್ಗಿಸಿದ. ನಾನು ಉಪದೇಶ ಮಾಡಲಿಲ್ಲ. ಮಾಡುವ ಅಗತ್ಯವೂ ಬೀಳಲಿಲ್ಲ. ಮುಂದಿನ ವಾರ ಅವನು ಕೊಟ್ಟ ಮೊದಲ ಖೋ ಆ ಚಿಕ್ಕವನಿಗೇ.

ಅಂದು ನಾನು ‘ಸಹಕಾರಕ್ಕೆ ಹತ್ತು ಅಂಕ’ ಎಂದು ಸಾರಿದ್ದರೆ? ಅವನು ಖೋ ಕೊಡುತ್ತಿದ್ದ, ನಿಜ. ಆದರೆ ಗೆಳೆಯನ ಕಡೆಗಲ್ಲ, ನನ್ನ ಕಡೆಗೆ ನೋಡುತ್ತ ಕೊಡುತ್ತಿದ್ದ. ಅಂಕಕ್ಕಾಗಿ ತೋರಿದ ಸೌಜನ್ಯ ಬರಿಯ ನಟನೆ.

ಎಲ್ಲ ಶಾಲೆಗಳಿಗೂ ಮೈದಾನವೆಲ್ಲಿದೆ ಎನ್ನುವಿರಿ. ಒಪ್ಪಿದೆ. ಚೌಕಾಬಾರಕ್ಕೆ ಮೈದಾನ ಬೇಡ. ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆ, ನಾಲ್ಕು ಕವಡೆ ಸಾಕು. ಇಬ್ಬಿಬ್ಬರ ಜೋಡಿ ಮಾಡಿ, ಪ್ರತಿ ನಡೆಗೂ ಮೊದಲು ಮಾತಾಡಿ ತೀರ್ಮಾನಿಸಲಿ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಇಪ್ಪತ್ತೈದು ನಿಮಿಷ ಆಟ, ಉಳಿದದ್ದು ಮಾತು: ಯಾರ ಮಾತನ್ನು ಯಾರೂ ಕೇಳಲಿಲ್ಲ? ಜಗಳ ಹೇಗೆ ಮುಗಿಯಿತು? ಆ ಹದಿನೈದು ನಿಮಿಷವೇ ಪಾಠ. ಅದನ್ನು ಬಿಟ್ಟರೆ ಉಳಿಯುವುದು ಕಾಲಕ್ಷೇಪ.

ಇಷ್ಟೆಲ್ಲ ಬರೆಯುವಾಗ ಒಂದು ತಪ್ಪೊಪ್ಪಿಗೆಯನ್ನೂ ಮಾಡಬೇಕು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನಿಮ್ಮ ಆಟದ ಪೀರಿಯಡ್ಡನ್ನು ಗಣಿತಕ್ಕೆಂದು ಕಸಿದುಕೊಂಡವನು ನಾನೇ. ಅಂದು ಕಲಿಸಿದ ಬೀಜಗಣಿತ ನಿಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ಕಾಣೆ. ಹೊಂಗೆಮರದ ಕೆಳಗಿನ ಮಾತು ನೆನಪಿದ್ದರೆ, ಇಂದು ಮೇಷ್ಟರಾಗಿರುವ, ತಂದೆತಾಯಿಯರಾಗಿರುವ ನೀವು ಆ ತಪ್ಪನ್ನು ಮಾಡಬೇಡಿ.